ಹೋಗುವಾಗ ಒಂದೂಮುಕ್ಕಾಲು ಗಂಟೆ, ಬರುವಾಗ ನಾಲ್ಕೂವರೆ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಿಮಾನದ ಬಗ್ಗೆ. ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಹೀಗೆಯೇ. ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಗಲ್ಫಿನಲ್ಲಿ ಒಬ್ಬ ಮಗನೋ ಅಳಿಯನೋ ಇಲ್ಲದ ಮನೆ ಕಡಿಮೆ. ನಾನು ಮೊದಲು ಸಾಂತಾಕ್ರೂಜ್, ಆಮೇಲೆ ಸಹಾರ್ ಎಂದು ಮೂವತ್ತೊಂದು ವರ್ಷ ವಿಮಾನ ಕಂಪನಿಯೊಂದರ ಡಿಸ್ಪ್ಯಾಚ್ ಮೇಜಿನ ಹಿಂದೆ, ಅಂದರೆ ಹಾರಾಟದ ದಾರಿ, ಗಾಳಿ, ಇಂಧನಗಳ ಲೆಕ್ಕ ಹಾಕುವಲ್ಲಿ, ಕುಳಿತವನು. ಅದಕ್ಕೇ ಸಂಪಾದಕರು ಎಲ್ಲವನ್ನೂ ಒಂದೇ ಲಕೋಟೆಗೆ ತುಂಬಿ ನನ್ನ ಮನೆಗೆ ಕಳಿಸಿದ್ದಾರೆ. ಆರು ಪತ್ರಗಳಿಗೆ ಉತ್ತರ ಬರೆದಿದ್ದೇನೆ. ಮಾವಿನ ಮಿಡಿಯ ಉಪ್ಪಿನಕಾಯಿ ಒಯ್ಯಬಹುದೇ ಎಂದು ಕೇಳಿದ ನಾಲ್ವರು ದಯವಿಟ್ಟು ತಮ್ಮ ವಿಮಾನ ಕಂಪನಿಯನ್ನೇ ಕೇಳಿಕೊಳ್ಳಿ. ಆ ವಿಷಯದಲ್ಲಿ ನನ್ನ ಮಾತು ನಂಬಿ ಕೆಟ್ಟವರಿದ್ದಾರೆ.

ಪ್ರಶ್ನೆ: ಮಗಳು ದುಬೈಯಲ್ಲಿದ್ದಾಳೆ, ಬಾಣಂತನಕ್ಕೆ ನಾನು ಹೋಗಬೇಕು. ಅಳಿಯ ಕಳಿಸಿದ ಟಿಕೆಟಿನಲ್ಲಿ ಮುಂಬಯಿ ಬಿಡುವುದು ಸಂಜೆ 4.15ಕ್ಕೆ, ದುಬೈ ತಲುಪುವುದು 6 ಗಂಟೆಗೆ. ಹಿಂತಿರುಗುವಾಗ ರಾತ್ರಿ 10.10ಕ್ಕೆ ಹೊರಟು ಮುಂಬಯಿಗೆ ಬರುವುದು 2.35ಕ್ಕೆ. ಹೋಗುವುದಕ್ಕೆ ಒಂದೂಮುಕ್ಕಾಲು ಗಂಟೆ, ಬರುವುದಕ್ಕೆ ಹತ್ತಿರ ಹತ್ತಿರ ನಾಲ್ಕೂವರೆ! ದಾರಿ ಒಂದೇ ಅಲ್ಲವೇ? ಬರುವ ವಿಮಾನ ಹಳೆಯದೋ, ನಡುವೆ ಎಲ್ಲಾದರೂ ನಿಲ್ಲುತ್ತದೆಯೋ? ಅಳಿಯನನ್ನು ಕೇಳಲು ಸಂಕೋಚ.
— ಒಬ್ಬ ತಾಯಿ, ಡೊಂಬಿವಲಿ ಪೂರ್ವ

ಉತ್ತರ: ಅಮ್ಮಾ, ವಿಮಾನ ಹಳೆಯದಲ್ಲ, ನಡುವೆ ನಿಲ್ಲುವುದೂ ಇಲ್ಲ; ನಿಲ್ಲಲು ನಡುವೆ ಇರುವುದು ಅರಬ್ಬೀ ಸಮುದ್ರ. ತಮಾಷೆಯೆಂದರೆ, ನಿಜವಾದ ಲೆಕ್ಕ ನಿಮ್ಮ ಲೆಕ್ಕದ ತಿರುವುಮುರುವು. ಹೆಚ್ಚು ಹೊತ್ತು ಹಿಡಿಯುವುದು ಹೋಗುವಾಗ, ಬೇಗ ಮುಗಿಯುವುದು ಬರುವಾಗ.

ಟಿಕೆಟಿನಲ್ಲಿ ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರ ನೋಡಿ ಬರೆಯುತ್ತಾರೆ, ಇಳಿಯುವ ಹೊತ್ತನ್ನು ಇಳಿಯುವ ಊರಿನದು ನೋಡಿ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ಅಲ್ಲಿ ಆರಕ್ಕೆ ಇಳಿದಾಗ ಡೊಂಬಿವಲಿಯ ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಏಳೂವರೆ. ಅಂದರೆ ಪ್ರಯಾಣ ಮೂರೂಕಾಲು ಗಂಟೆ. ಬರುವಾಗ ಅಲ್ಲಿ 10.10 ಎಂದರೆ ಇಲ್ಲಿ 11.40, ಅಲ್ಲಿಂದ 2.35ರವರೆಗೆ ಎಣಿಸಿದರೆ ಮೂರು ಗಂಟೆಗೆ ಐದು ನಿಮಿಷ ಕಡಿಮೆ. ಬರುವಾಗ ಇಪ್ಪತ್ತು ನಿಮಿಷ ಉಳಿತಾಯ.

ಈ ಗಡಿಯಾರದ ಜಗಳ ನಮ್ಮ ಊರಿಗೆ ಹೊಸದಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ಮುಂಬಯಿ ತನ್ನದೇ ಸಮಯವನ್ನು, 39 ನಿಮಿಷ ಹಿಂದಿನದನ್ನು, 1955ರವರೆಗೆ ಬಿಟ್ಟುಕೊಡಲಿಲ್ಲ. ನಾನು 1969ರಲ್ಲಿ ಇಲ್ಲಿನ ಕೋಟೆ (ಫೋರ್ಟ್) ಭಾಗದ ಹೋಟೆಲೊಂದಕ್ಕೆ ಮೇಜು ಒರೆಸುವ ಪೋರನಾಗಿ ಬಂದಾಗ, ಗಲ್ಲಾದ ಮೇಲಿದ್ದ ಹಿರಿಯರು ತಡವಾಗಿ ಬಂದವರನ್ನು ‘ಏನಯ್ಯಾ, ನಿನ್ನದಿನ್ನೂ ಮುಂಬಯಿ ಟೈಮೋ?’ ಎಂದು ಚುಚ್ಚುತ್ತಿದ್ದರು. ಸೂರ್ಯನನ್ನೇ ಕೇಳಿದರೆ ಮುಂಬಯಿಗೂ ದುಬೈಗೂ ಇರುವ ಅಂತರ ಎಪ್ಪತ್ತು ನಿಮಿಷ ಮಾತ್ರ. ಉಳಿದ ಇಪ್ಪತ್ತು ನಿಮಿಷ ಸರಕಾರಗಳು ಸೇರಿಸಿದ್ದು.

ಇನ್ನು ಬರುವಾಗಿನ ಆ ಇಪ್ಪತ್ತು ನಿಮಿಷದ ಉಳಿತಾಯ ಎಲ್ಲಿಂದ ಬಂತು ಎನ್ನುವುದು. ಅದು ಗಾಳಿಯ ಕೊಡುಗೆ.

ಡಿಸ್ಪ್ಯಾಚ್ ವಿಭಾಗಕ್ಕೆ ಸೇರಿದ ಮೊದಲ ರಾತ್ರಿ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮುಂದೆ ಒಂದು ಹಾಳೆ ಹರಡಿದರು. ಭೂಪಟ ನಿಜ, ಆದರೆ ಅದರ ತುಂಬ ಯಾರೋ ಊಟ ಮಾಡಿ ಎದ್ದು ಹೋದ ತಟ್ಟೆಯಂತೆ ಮೀನಿನ ಮುಳ್ಳು. ಮೀನುಗಾರರ ಊರು ಗಂಗೊಳ್ಳಿಯವನಾದ ನನಗೆ ಮೊದಲು ಕಂಡದ್ದೇ ಹಾಗೆ. ಅದು ಮೇಲಿನ ಗಾಳಿಯ ನಕ್ಷೆ. ಪ್ರತಿಯೊಂದು ಮುಳ್ಳೂ ಒಂದು ಬಾಣ. ಅದರ ಬಾಲದಲ್ಲಿ ಅರ್ಧ ಗೀಟಿದ್ದರೆ ಗಾಳಿಯ ವೇಗ ಐದು ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್), ಪೂರ್ತಿ ಗೀಟಿದ್ದರೆ ಹತ್ತು, ಕಪ್ಪು ತ್ರಿಕೋನವಿದ್ದರೆ ಐವತ್ತು. ಬೇಸಿಗೆಯ ಕೊನೆಯಲ್ಲಿ ಅರಬ್ಬೀ ಸಮುದ್ರದ ಮೇಲೆ ಬರೀ ಗೀಟುಗಳಿರುತ್ತಿದ್ದವು. ಜನವರಿಯ ಹಾಳೆಯಲ್ಲಿ ಉತ್ತರಕ್ಕೆ ಸರಿದಂತೆ ತ್ರಿಕೋನಗಳು ಶುರುವಾಗುತ್ತಿದ್ದವು, ಕೆಲವು ದಿನ ಎರಡೆರಡು. ಎರಡು ತ್ರಿಕೋನ ಎಂದರೆ ಗಂಟೆಗೆ 185 ಕಿಲೋಮೀಟರ್. ಎಲ್ಲ ಬಾಣಗಳೂ ಪಶ್ಚಿಮದಿಂದ ಪೂರ್ವಕ್ಕೆ. ಚಳಿಗಾಲದಲ್ಲಿ ಸುಮಾರು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ನದಿಯಂತೆ ಹರಿಯುವ ಈ ಗಾಳಿಗೆ ಜೆಟ್ ಪ್ರವಾಹ ಎನ್ನುತ್ತಾರೆ. ದುಬೈಗೆ ಹೋಗುವ ವಿಮಾನ ಅದರ ಅಂಚಿಗೆ ಎದುರಾಗಿ ಹೋಗುತ್ತದೆ, ಬರುವ ವಿಮಾನ ಅದನ್ನು ಬೆನ್ನಿಗೆ ಹಾಕಿಕೊಂಡು ಬರುತ್ತದೆ.

ಲೆಕ್ಕ ಹಾಕಿ ನೋಡಿ. ಮುಂಬಯಿ–ದುಬೈ ವಾಯುದೂರ ಸುಮಾರು 1,930 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 840 ಎಂದಿಟ್ಟುಕೊಳ್ಳೋಣ. ಗಾಳಿ ಇಲ್ಲದಿದ್ದರೆ ಎರಡು ಗಂಟೆ ಹದಿನೆಂಟು ನಿಮಿಷ. ನೂರು ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ ವೇಗ 740ಕ್ಕೆ ಇಳಿದು ಎರಡು ಗಂಟೆ ಮೂವತ್ತೇಳು ನಿಮಿಷ. ಅದೇ ಗಾಳಿ ಹಿಂದಿನಿಂದ ತಳ್ಳಿದರೆ 940, ಎರಡು ಗಂಟೆ ಮೂರು ನಿಮಿಷ. ಹೋಗುವಾಗ ಕಳೆದುಕೊಂಡದ್ದು ಹತ್ತೊಂಬತ್ತು, ಬರುವಾಗ ಗಳಿಸಿದ್ದು ಹದಿನೈದು. ಸಾಲ ಪೂರ್ತಿ ತೀರುವುದಿಲ್ಲ. ನಮ್ಮೂರಿನ ಪಂಚಗಂಗಾವಳಿ ಹೊಳೆಯಲ್ಲಿ ಇಳಿತಕ್ಕೆ ಎದುರಾಗಿ ಪಾತಿದೋಣಿ ಒತ್ತಿದ ನಮ್ಮ ದೊಡ್ಡಪ್ಪನಿಗೆ ಇದು ಗೀಟು ತ್ರಿಕೋನಗಳಿಲ್ಲದೆಯೇ ಗೊತ್ತಿತ್ತು.

ಹಾಗಾದರೆ ಟಿಕೆಟಿನಲ್ಲಿ ಮೂರೂಕಾಲು ಗಂಟೆ ಏಕೆ? ಟಿಕೆಟಿನ ಸಮಯ ಹಾರಾಟದ್ದಲ್ಲ. ನಿಲ್ದಾಣದಲ್ಲಿ ವಿಮಾನ ಜಾಗ ಬಿಟ್ಟು ಕದಲಿದ ಕ್ಷಣದಿಂದ ಆ ಕಡೆ ನಿಲ್ಲುವವರೆಗಿನದು. ಮುಂಬಯಿಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಕತ್ತರಿಯಂತೆ ದಾಟುತ್ತವೆ, ಹಾಗಾಗಿ ಎರಡರಲ್ಲೂ ಒಟ್ಟಿಗೆ ಕೆಲಸ ನಡೆಯದು. ಸಂಜೆಯ ಹೊತ್ತು ನಿಮ್ಮ ವಿಮಾನ ಸರತಿಯಲ್ಲಿ ನಿಂತಿರುತ್ತದೆ, ದಾದರ್ ಸ್ಟೇಶನ್ನಿನ ಹೊರಗೆ ಸಿಗ್ನಲಿಗೆ ಕಾಯುವ ಲೋಕಲ್‌ನಂತೆ. ಆ ಕಾಯುವಿಕೆ, ಏರುವುದು, ಇಳಿಯುವುದು, ಮೇಲೊಂದಿಷ್ಟು ಮುನ್ನೆಚ್ಚರಿಕೆಯ ನಿಮಿಷ ಎಲ್ಲವನ್ನೂ ಕಂಪನಿ ಸೇರಿಸಿಯೇ ಬರೆಯುತ್ತದೆ. ಅದಕ್ಕೇ ಕೆಲವೊಮ್ಮೆ ‘ಇಪ್ಪತ್ತು ನಿಮಿಷ ಮುಂಚಿತವಾಗಿ ತಲುಪಿದ್ದೇವೆ’ ಎಂದು ಪ್ರಕಟಣೆ ಮಾಡಿ ಹೆಮ್ಮೆ ಪಡುತ್ತಾರೆ. ಅದನ್ನು ಕೇಳಿ ನಾನು ಎಂದೂ ಚಪ್ಪಾಳೆ ತಟ್ಟಿದವನಲ್ಲ.

ಮಳೆಗಾಲದಲ್ಲಿ ಈ ಆಟ ಬದಲಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಜೆಟ್ ಹಿಮಾಲಯದ ಆಚೆಗೆ ಸರಿಯುತ್ತದೆ. ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬೇರೊಂದು ಜೆಟ್ ಹುಟ್ಟಿಕೊಳ್ಳುತ್ತದೆ. ಇದನ್ನು 1958ರಲ್ಲಿ ಜಗತ್ತಿಗೆ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಮಂಗಳೂರಿನಿಂದ ಗಲ್ಫಿಗೆ ಹೋಗುವವರಿಗೆ ಆಗ ಈ ಗಾಳಿಯ ಒಂದು ತಳ್ಳು ಸಿಗುವುದುಂಟು.

ಕೊನೆಯದಾಗಿ ಒಂದು ಮಾತು, ನೀವು ಕೇಳದಿದ್ದರೂ. ನೀವು ಬಂದಿಳಿಯುವ 2.35 ಮರುದಿನದ ತಾರೀಖಿಗೆ ಸೇರಿದ್ದು. ಕರೆದೊಯ್ಯಲು ಬರುವವರಿಗೆ ತಾರೀಖನ್ನು ಹೇಳುವುದಲ್ಲದೆ ‘ಸೋಮವಾರ ರಾತ್ರಿ ಮಲಗಿ ಏಳುವ ಮುಂಚೆ’ ಎಂಬಂತೆ ಬಿಡಿಸಿ ಹೇಳಿ. ನನ್ನ ತಮ್ಮನಿಗೆ ಒಮ್ಮೆ 15ನೇ ತಾರೀಖಿನ 00.35ರ ಟಿಕೆಟ್ ಇತ್ತು. ನಾನೇ ಎರಡು ಸಲ ನೋಡಿ ‘ಎಲ್ಲ ಸರಿ ಇದೆ’ ಎಂದೆ. ಹದಿನೈದರ ರಾತ್ರಿ ಊಟ ಮುಗಿಸಿ, ಟ್ಯಾಕ್ಸಿಯ ಮೇಲೆ ಪೆಟ್ಟಿಗೆ ಕಟ್ಟಿ ಹೊರಟೆವು. ವಿಮಾನ ಹಿಂದಿನ ರಾತ್ರಿಯೇ ಹೋಗಿ ಆಗಿತ್ತು. ಇಡೀ ದಿನ ಗ್ರೀನಿಚ್ ಸಮಯದಲ್ಲಿ ಕೆಲಸ ಮಾಡುವವನ ಮನೆಯಲ್ಲಿ ನಡೆದದ್ದು ಇದು. ತಮ್ಮ ಇಂದಿಗೂ ತನ್ನ ಟಿಕೆಟನ್ನು ನನಗೆ ತೋರಿಸುವುದಿಲ್ಲ.

ಪ್ರಶ್ನೆ: ಮುಂಬಯಿ–ದುಬೈ ದೂರ ಒಂದು ಕಡೆ 1,930, ಇನ್ನೊಂದು ಕಡೆ 1,200, ಮಗದೊಂದು ಕಡೆ 1,040 ಎಂದಿದೆ. ಯಾವುದನ್ನು ನಂಬಲಿ?
— ಕಿರಾಣಿ ವ್ಯಾಪಾರಿ, ಭಾಂಡುಪ್

ಉತ್ತರ: ಮೂರನ್ನೂ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ನಿಮ್ಮ ಅಂಗಡಿಯಲ್ಲಿ ಸೇರು, ಪಾವು, ಕಿಲೋ ಮೂರೂ ಇದ್ದ ಕಾಲವನ್ನು ನೆನಪಿಸಿಕೊಳ್ಳಿ. ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಸಿಗುವ ಒಂದು ಭಾಗ. ಹಡಗಿನವರಿಂದ ವಿಮಾನದವರಿಗೆ ಬಂದ ಆಸ್ತಿ ಇದು.

ಪ್ರಶ್ನೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತರೆ ದುಬೈ ತಾನಾಗಿಯೇ ಕೆಳಗೆ ಬರಬೇಕಲ್ಲ? ನಮ್ಮ ಹೋಟೆಲಿನಲ್ಲಿ ಈ ವಿಷಯಕ್ಕೆ ಐನೂರು ರೂಪಾಯಿ ಪಣ ಕಟ್ಟಿದ್ದಾರೆ.
— ಸಾಕಿನಾಕಾ

ಉತ್ತರ: ಪಣ ನೀವು ಯಾವ ಕಡೆ ಕಟ್ಟಿದ್ದೀರೆಂದು ಬರೆದಿಲ್ಲ, ದುಬೈ ಬರುತ್ತದೆ ಎಂಬ ಕಡೆಗಿದ್ದರೆ ಐನೂರು ಹೋಯಿತು. ವಿರಾರ್ ಫಾಸ್ಟ್‌ನಲ್ಲಿ ಕೂರಲು ಜಾಗ ಸಿಕ್ಕ ಅಪರೂಪದ ದಿನ ಒಂದು ನಾಣ್ಯವನ್ನು ನೇರ ಮೇಲಕ್ಕೆ ಚಿಮ್ಮಿ. ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಡಬ್ಬಿಗೆ ಹಾರುವುದಿಲ್ಲ. ನಾಣ್ಯಕ್ಕೂ ಡಬ್ಬಿಯೊಳಗಿನ ಗಾಳಿಗೂ ರೈಲಿನ ಓಟ ಮೊದಲೇ ಅಂಟಿಕೊಂಡಿರುತ್ತದೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯ ಜೊತೆ ವಿಮಾನವೂ. ಸಾಕಿನಾಕಾದ ಮೇಲೆ ನಿಂತ ಹೆಲಿಕಾಪ್ಟರ್ ಸಂಜೆಯವರೆಗೆ ನಿಂತರೂ ಕೆಳಗೆ ಕಾಣುವುದು ಸಾಕಿನಾಕಾದ ಟ್ರಾಫಿಕ್ ಜಾಮೇ.

ಪ್ರಶ್ನೆ: ಮುಂಬಯಿಯಿಂದ ಟೋಕಿಯೊಗೆ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದೇ ಅತಿ ಹತ್ತಿರದ ದಾರಿಯಲ್ಲ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದರು. ನೇರ ಗೆರೆಗಿಂತ ಹತ್ತಿರದ್ದು ಯಾವುದು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಪುಣೆ

ಉತ್ತರ: ತಂಗೀ, ನಿಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕಿನದಾದರೂ ಸರಿ, ಒಂದು ಗೋಳ ಹುಡುಕು. ದೇವರ ಕೋಣೆಯಿಂದ ಹೂ ಕಟ್ಟುವ ನೂಲು ತೆಗೆದುಕೊಂಡು ಒಂದು ತುದಿಯನ್ನು ಮುಂಬಯಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿ, ಇನ್ನೊಂದನ್ನು ಟೋಕಿಯೊದ ಮೇಲಿಟ್ಟು ಬಿಗಿಯಾಗಿ ಎಳೆ. ಸಡಿಲ ಬಿಟ್ಟರೆ ನೂಲು ಎಲ್ಲೆಲ್ಲೋ ಹೋಗುತ್ತದೆ. ಬಿಗಿದಾಗ ತಾನಾಗಿಯೇ ಉತ್ತರಕ್ಕೆ ಜಾರಿ ಒಂದು ಕಡೆ ನಿಲ್ಲುತ್ತದೆ. ಈಗ ಅದರ ಕೆಳಗಿನ ಊರುಗಳನ್ನು ಓದು: ಪಟ್ನಾದ ಆಸುಪಾಸು, ಭೂತಾನ್, ಟಿಬೆಟಿನ ಪೂರ್ವಭಾಗ, ಚೀನಾದ ನಡುನಾಡು. ನಿನ್ನ ಸ್ಕೇಲಿನ ಗೆರೆಯಾದರೋ ಸಾಮಾನ್ಯವಾದ ಶಾಲೆಯ ಭೂಪಟದಲ್ಲಿ ಢಾಕಾದ ಹತ್ತಿರದಿಂದ ಹೋಗುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಚಪ್ಪಟೆ ಮಾಡಿದರೆ ಹರಿಯುವುದೋ ಹಿಗ್ಗುವುದೋ ಆಗಲೇಬೇಕು. ಭೂಪಟವೂ ಹಾಗೆ ಹಿಗ್ಗಿಸಿದ ಸಿಪ್ಪೆ. ನೂಲು ತೋರಿಸಿದ ದೂರ ಸುಮಾರು 6,800 ಕಿಲೋಮೀಟರ್.

ಪ್ರಾಧ್ಯಾಪಕರು ಸರಿ. ಆದರೆ ಅವರು ಹೇಳದೆ ಬಿಟ್ಟದ್ದು ಒಂದಿದೆ: ವಿಮಾನ ಆ ನೂಲಿನ ದಾರಿಯಲ್ಲಿ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಇಳಿದುಹೋದರೆ ಪೈಲಟ್ ಮೊದಲು ಮಾಡಬೇಕಾದ್ದು ಹತ್ತು ಸಾವಿರ ಅಡಿಗೆ ಇಳಿಯುವುದು, ಜನ ಉಸಿರಾಡುವಂತಾಗಲು. ತಲೆಯ ಮೇಲಿನಿಂದ ಜೋತುಬೀಳುವ ಮಾಸ್ಕ್‌ನಲ್ಲಿ ಆಮ್ಲಜನಕ ಇರುವುದು ಕೆಲವೇ ನಿಮಿಷಕ್ಕೆ. ಟಿಬೆಟಿನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ, ಅಂದರೆ ಹದಿನೈದು ಸಾವಿರ ಅಡಿಯ ಹತ್ತಿರ. ಇಳಿಯುವುದೆಲ್ಲಿಗೆ? ಆದ್ದರಿಂದ ದಾರಿಯನ್ನು ದಕ್ಷಿಣಕ್ಕೆ ಬಾಗಿಸಿ ಬಾಂಗ್ಲಾದೇಶ, ಮ್ಯಾನ್ಮಾರ್, ದಕ್ಷಿಣ ಚೀನಾದ ಮೇಲೆ ಒಯ್ಯುತ್ತಾರೆ. ಕೊನೆಗೆ ನಿನ್ನ ತಪ್ಪು ಗೆರೆಯ ಹತ್ತಿರಕ್ಕೇ ಬಂದಂತಾಯಿತು. ಇದನ್ನು ಪ್ರಾಧ್ಯಾಪಕರಿಗೆ ಮೆಲ್ಲಗೆ ತಿಳಿಸು, ಪರೀಕ್ಷೆ ಮುಗಿದ ಮೇಲೆ.

ಗಾಳಿಯ ಆಟ ದೊಡ್ಡದಾಗಿ ಕಾಣುವುದು ಈ ದಾರಿಯಲ್ಲೇ. ಹೋಗುವಾಗ ಸುಮಾರು ಎಂಟು ಗಂಟೆ, ಬರುವಾಗ ಹತ್ತರ ಹತ್ತಿರ. ಮೇಲಿನ ಈ ಬಿರುಗಾಳಿಯನ್ನು 1920ರ ದಶಕದಲ್ಲೇ ಬಲೂನು ಬಿಟ್ಟು ಅಳೆದವರು ಜಪಾನಿನ ವಾಸಾಬುರೊ ಓಯಿಶಿ. ಜಗತ್ತೆಲ್ಲ ಓದಲಿ ಎಂದು ಅವರು ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಜಗತ್ತು ಅತ್ತ ನೋಡಲೇ ಇಲ್ಲ. 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳಿಗೆ ಆ ಗಾಳಿ ತಾನೇ ಪರಿಚಯ ಹೇಳಿಕೊಂಡಿತು. ಮುಂಬಯಿಯಲ್ಲಿ ಕುಳಿತು ಕನ್ನಡದಲ್ಲಿ ಅಂಕಣ ಬರೆಯುವ ನನಗೆ ಓಯಿಶಿಯವರ ಮೇಲೆ ಸ್ವಲ್ಪ ಹೆಚ್ಚೇ ಅಕ್ಕರೆ.

ಪ್ರಶ್ನೆ: ಮುಂಬಯಿಗೆ ಮೊದಲ ಅಂಚೆ ವಿಮಾನ ಕರಾಚಿಯಿಂದ ಬಂದಿತ್ತೆಂದು ತಂದೆ ಹೇಳುತ್ತಿದ್ದರು. ಅದಕ್ಕೆ ನಮ್ಮ ಬಳ್ಳಾರಿಯ ಸಂಬಂಧವೂ ಇತ್ತಂತೆ, ನಿಜವೇ?
— ಎಂಬತ್ತು ದಾಟಿದ ಓದುಗ, ಮಾಟುಂಗಾ

ಉತ್ತರ: ನಿಜ ರಾಯರೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾಥ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಚೀಲ ತುಂಬಿಕೊಂಡು ಬೆಳಿಗ್ಗೆ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಜುಹು ಮೈದಾನಕ್ಕೆ ಬಂದರು. ಅಲ್ಲಿಂದ ಮುಂದೆ ಚೀಲಗಳನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ಬಳ್ಳಾರಿಯ ಮೇಲಾಗಿ. ಕರಾಚಿ–ಮುಂಬಯಿ ನೇರ ವಾಯುದೂರ ಸುಮಾರು 875 ಕಿಲೋಮೀಟರ್. ಇವತ್ತಿನ ಜೆಟ್ಟಿಗೆ ಒಂದೂವರೆ ಗಂಟೆಯೂ ಬೇಡ. ಬೇಕಾದದ್ದು ಎರಡು ಸರಕಾರಗಳ ಅನುಮತಿ ಮಾತ್ರ. 2019ರಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಫೆಬ್ರುವರಿಯಿಂದ ಜುಲೈವರೆಗೆ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಹಾಕಬೇಕಾಯಿತು. ಸಮುದ್ರದ ಮೇಲಿನ ದಾರಿಯಾದ್ದರಿಂದ ಮುಂಬಯಿ–ದುಬೈ ಮಟ್ಟಿಗೆ ನಾವು ಬಚಾವು.

ಜುಹುವಿನ ಆ ಮೈದಾನ ಮಳೆಗಾಲದಲ್ಲಿ ಕೆಸರಿನ ಹೊಂಡ. ಆ ತಿಂಗಳುಗಳಲ್ಲಿ ವಿಮಾನಗಳನ್ನು ಪುಣೆಗೆ ಸಾಗಿಸುತ್ತಿದ್ದರು. ಮಳೆ ಬಂದರೆ ಮುಂಬಯಿ ನಿಲ್ಲುವುದು ಇಂದು ನೆನ್ನೆಯ ಕಥೆಯಲ್ಲ. ಜೆ.ಆರ್.ಡಿ. ಅವರು 1982ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅಂಥದ್ದೇ ಹಳೆಯ ವಿಮಾನದಲ್ಲಿ ಕರಾಚಿ–ಮುಂಬಯಿ ಹಾರಾಟವನ್ನು ಇನ್ನೊಮ್ಮೆ ಮಾಡಿದರು. ಆ ದಿನ ನನಗೆ ಹಗಲು ಪಾಳಿ ಇತ್ತು. ರಜೆ ಸಿಗಲಿಲ್ಲ, ಜುಹುವಿಗೆ ಹೋಗಲಾಗಲಿಲ್ಲ.

ಪ್ರಶ್ನೆ: ಅಜ್ಜಾ, ದುಬೈಗೆ ಹೋಗುವಾಗ ಯಾವ ಕಡೆಯ ಕಿಟಕಿ ಒಳ್ಳೆಯದು?
— ಮೂರನೇ ತರಗತಿ, ಮೀರಾ ರೋಡ್

ಉತ್ತರ: ಡಿಸೆಂಬರಿನಲ್ಲಿ ಸಂಜೆ ನಾಲ್ಕರ ವಿಮಾನವಾದರೆ ಎಡಗಡೆಯದು, ‘ಎ’ ಸೀಟು, ರೆಕ್ಕೆಗಿಂತ ಮುಂದೆ. ಗಿರ್‌ಗಾಂವ್ ಚೌಪಾಟಿಯಲ್ಲಿ ಆರಕ್ಕೆ ಮುಳುಗುವ ಸೂರ್ಯ ನಿನ್ನ ಕಿಟಕಿಯಲ್ಲಿ, ಕೈಗಡಿಯಾರವನ್ನು ತಿರುಗಿಸದೆ ಇಟ್ಟುಕೊಂಡಿದ್ದರೆ, ಏಳರವರೆಗೂ ಇರುತ್ತಾನೆ. ಅವನ ಹಿಂದೆಯೇ ನೀನು ಓಡುತ್ತಿರುತ್ತೀಯಲ್ಲ. ಡೊಂಬಿವಲಿಯ ಅಮ್ಮನೂ ಎಡಗಡೆಯನ್ನೇ ಕೇಳಿಕೊಳ್ಳಲಿ. ಸೀಟು ಆರಿಸಲು ಬೇರೆ ದುಡ್ಡು ಕೇಳಿದರೆ ಮಾತ್ರ ಅಳಿಯನಿಗೆ ಫೋನ್ ಮಾಡಬೇಕಾದೀತು.